ಬಾಯಿಗೆ ಬಾರದ ವಿಳಾಸ

ಬಿಟ್‌ಕಾಯಿನ್ನಿನ ಮೊಟ್ಟಮೊದಲ ವಿಳಾಸವನ್ನು ಗಟ್ಟಿಯಾಗಿ ಓದಹೊರಟರೆ ಹೀಗಾಗುತ್ತದೆ: ಒಂದು, ದೊಡ್ಡ ಎ, ಒಂದು, ಚಿಕ್ಕ ಝಡ್, ದೊಡ್ಡ ಪಿ, ಒಂದು, ಚಿಕ್ಕ ಇ, ದೊಡ್ಡ ಪಿ, ಐದು, ದೊಡ್ಡ ಕ್ಯೂ, ದೊಡ್ಡ ಜಿ... ಇಷ್ಟು ಹೇಳುವಷ್ಟರಲ್ಲಿ ಬರೆದುಕೊಳ್ಳುವವರು ‘ಸ್ವಲ್ಪ ತಡೀರಿ’ ಅಂದಿರುತ್ತಾರೆ. ಇನ್ನೂ 23 ಅಕ್ಷರ ಬಾಕಿ. 2009ರ ಜನವರಿ 3ರಂದು ಸತೋಷಿ ನಾಕಾಮೊಟೊ ಎಂಬ ಹೆಸರಿನ ಹಿಂದಿದ್ದ ಯಾರೋ ಒಬ್ಬರು, ಅಥವಾ ಕೆಲವರು, ಈ ಹೊಸ ಲೆಕ್ಕದ ಪುಸ್ತಕದ ಮೊದಲ ಪುಟ ತೆರೆದಾಗ 50 ಬಿಟ್‌ಕಾಯಿನ್ ಜಮೆಯಾದದ್ದು ಈ ವಿಳಾಸಕ್ಕೆ. ಆ 50ನ್ನು ಖರ್ಚು ಮಾಡಲು ಬರುವುದಿಲ್ಲ. ಆದರೂ ಎಲ್ಲೆಲ್ಲಿಂದಲೋ ಜನ ಇಂದಿಗೂ ಆ ವಿಳಾಸಕ್ಕೆ ಚಿಲ್ಲರೆ ಕಾಣಿಕೆ ಕಳಿಸುತ್ತಾರೆ. ಕಳಿಸುವವರಿಗೆ ಅದು ಬಾಯಿಪಾಠ ಇರಲಾರದು. ಕಾಪಿ ಮಾಡುತ್ತಾರೆ, ಪೇಸ್ಟ್ ಮಾಡುತ್ತಾರೆ, ಮೊದಲ ನಾಲ್ಕು ಅಕ್ಷರದ ಮೇಲೆ ಕಣ್ಣಾಡಿಸಿ ಕಳಿಸುತ್ತಾರೆ.

ನಾನು ಬ್ಯಾಂಕಿನ ಕೌಂಟರಿನಲ್ಲಿ ಕೂತು ನಿವೃತ್ತನಾದವನು. ತಿಪಟೂರು, ಅರಸೀಕೆರೆ ಕಡೆಯ ಶಾಖೆಗಳಲ್ಲಿ ಕೊಬ್ಬರಿ ವ್ಯಾಪಾರಿಗಳ, ಮೇಷ್ಟ್ರುಗಳ, ಪಿಂಚಣಿಗೆ ಬರುವ ಅಜ್ಜಿಯರ ಖಾತೆ ಸಂಖ್ಯೆಯನ್ನು ಅವರ ಬಾಯಲ್ಲಿ ಕೇಳಿ, ಪಾಸ್‌ಬುಕ್ಕಿನಲ್ಲಿ ನೋಡಿ, ಮತ್ತೊಮ್ಮೆ ಕೇಳಿ ತಾಳೆ ನೋಡುವುದೇ ನನ್ನ ದಿನಚರಿಯಾಗಿತ್ತು. ಹಾಗಾಗಿ ಕ್ರಿಪ್ಟೊ ಎಂದರೆ ಎಲ್ಲರೂ ಬೆಲೆ ಏರಿತೇ ಇಳಿಯಿತೇ ಎಂದು ಕೇಳುವಾಗ ನನ್ನ ಕುತೂಹಲವೆಲ್ಲ ಆ ವಿಳಾಸದ ಮೇಲೆಯೇ. ನಮ್ಮಲ್ಲಿ ಅದು ಕಾನೂನುಬದ್ಧ ಚಲಾವಣೆಯ ಹಣವಲ್ಲ. 2022ರಿಂದ ಅದರ ಲಾಭಕ್ಕೆ ಶೇಕಡ 30 ತೆರಿಗೆಯಿದೆ, ಮಾರಿದಾಗ ಶೇಕಡ 1ರಷ್ಟು ಮೂಲದಲ್ಲೇ ಕಡಿತವಿದೆ. ಕೊಳ್ಳಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ಆದರೆ ಹೊರದೇಶದ ಕೆಲಸಕ್ಕೆ ಅದರಲ್ಲೇ ಕೂಲಿ ಪಡೆಯುವ ಹುಡುಗರಿದ್ದಾರೆ, ಮಗನೋ ಮಗಳೋ ಕಳಿಸಿದ್ದನ್ನು ಫೋನಿನಲ್ಲಿಟ್ಟುಕೊಂಡು ಏನು ಮಾಡಬೇಕೆಂದು ತಿಳಿಯದ ತಂದೆತಾಯಿಯರೂ ಇದ್ದಾರೆ. ಅವರು ಎಡವದಂತೆ ದಾರಿ ಸಮ ಮಾಡುವುದು ಯಾರದ್ದಾದರೂ ಕೆಲಸವಾಗಲೇಬೇಕು.

ತಂಗಿಯ ಮಗ ಜರ್ಮನಿಯಲ್ಲಿದ್ದಾನೆ. ಮೈಸೂರಿನಲ್ಲಿ ಓದುವಾಗ ಬಿಟ್‌ಕಾಯಿನ್ನಿನ ಒಂದಿಷ್ಟು ಚೂರನ್ನು ಒಂದು ವಿಳಾಸದಲ್ಲಿಟ್ಟು, ಆ ವಿಳಾಸವನ್ನು ಡೈರಿಯಲ್ಲಿ ಬರೆದಿಟ್ಟಿದ್ದ. ಡೈರಿ ನಮ್ಮ ಮನೆಯ ಅಟ್ಟದಲ್ಲಿತ್ತು. ಅದರಲ್ಲಿ ಏನುಳಿದಿದೆ ನೋಡಬೇಕು ಎಂದು ಫೋನ್ ಮಾಡಿದ. ಪುಟದ ಫೋಟೊ ತೆಗೆದು ಕಳಿಸಿದೆ. ಅರ್ಧ ಗಂಟೆಯ ಮೇಲೆ ಮತ್ತೆ ಫೋನು.

“ಮಾವ, ಫೋಟೊದಲ್ಲಿ ಗೊತ್ತಾಗ್ತಿಲ್ಲ. ಎರಡನೇ ಸಾಲಿನ ಆ ‘ವಿ’ ಪಕ್ಕದ ಅಕ್ಷರಕ್ಕಿಂತ ಎತ್ತರ ಇದೆಯಾ?”

“ಸಮ ಇದೆ ಕಣೋ.”

“ಅದರ ಮುಂದಿನ ‘ಎಸ್’?”

“ಅದೂ ಅಷ್ಟೇ ಇದೆ.”

ತೊಂದರೆ ಅವನ ಕೈಬರಹದ್ದೊಂದೇ ಆಗಿರಲಿಲ್ಲ. ಸಿ, ಎಸ್, ವಿ, ಡಬ್ಲ್ಯು, ಎಕ್ಸ್, ಝಡ್: ಇಂಗ್ಲಿಷಿನ ಈ ಅಕ್ಷರಗಳು ದೊಡ್ಡದಾದರೂ ಚಿಕ್ಕದಾದರೂ ಆಕಾರದಲ್ಲಿ ಒಂದೇ, ಗಾತ್ರದಲ್ಲಿ ಮಾತ್ರ ಬೇರೆ. ಕೈಯಲ್ಲಿ ಬರೆದಾಗ ಆ ಗಾತ್ರವೂ ನಂಬುವಂತಿರುವುದಿಲ್ಲ. ಅವನು ಅಲ್ಲಿ ಒಂದೊಂದನ್ನೇ ಬದಲಿಸಿ ಟೈಪ್ ಮಾಡುತ್ತಾ ಹೋದ. ಪ್ರತಿ ಸಲವೂ ಕಂಪ್ಯೂಟರು ‘ಇಂಥ ವಿಳಾಸವೇ ಇರಲಾರದು’ ಎಂದು ತಳ್ಳಿಹಾಕುತ್ತಿತ್ತು. ‘ವಿ’ಯನ್ನು ಚಿಕ್ಕದು ಮಾಡಿ, ‘ಎಸ್’ ಅನ್ನು ದೊಡ್ಡದಾಗಿಯೇ ಉಳಿಸಿದಾಗ ಪುಟ ತೆರೆಯಿತು. ಅಷ್ಟು ಸಲ ತಳ್ಳಿಹಾಕಿತಲ್ಲ, ಅದನ್ನು ಕೇಳಿ ನನಗೆ ನಿಜಕ್ಕೂ ಸಂತೋಷವಾಯಿತು. ತಪ್ಪು ವಿಳಾಸವನ್ನು ತಪ್ಪು ಎಂದು ಕಂಡುಹಿಡಿಯುವ ಏರ್ಪಾಡು ಅದರೊಳಗೇ ಇದೆಯೆಂದಾಯಿತು. ಅದನ್ನು ಮಾಡಿದವರು ಯಾರೋ, ಅವರಿಗೆ ಕೌಂಟರಿನ ಕಷ್ಟ ಗೊತ್ತಿತ್ತು.

ಸತೋಷಿಗೆ ಗೊತ್ತಿತ್ತು. ಬಿಟ್‌ಕಾಯಿನ್ನಿನ ಮೊದಲ ಪ್ರೋಗ್ರಾಮಿನಲ್ಲಿ ವಿಳಾಸ ಬರೆಯುವ ಭಾಗದ ತಲೆಯ ಮೇಲೆ ಒಂದು ಟಿಪ್ಪಣಿಯಿದೆ. ಇಂಗ್ಲಿಷ್ ಅಕ್ಷರ ಮತ್ತು ಅಂಕಿ ಸೇರಿದರೆ 62 ಚಿಹ್ನೆಗಳಾಗುತ್ತವೆ. ಅದರಲ್ಲಿ ನಾಲ್ಕನ್ನು ಸತೋಷಿ ಕಿತ್ತುಹಾಕಿದರು: ಸೊನ್ನೆ, ದೊಡ್ಡ ಓ, ದೊಡ್ಡ ಐ, ಚಿಕ್ಕ ಎಲ್. ಕೆಲವು ಅಚ್ಚಿನಲ್ಲಿ ಇವು ಒಂದನ್ನೊಂದು ಹೋಲುತ್ತವೆ, ಯಾರಾದರೂ ಕಣ್ಣಿಗೆ ಒಂದೇ ತೆರನಾಗಿ ಕಾಣುವ ಖಾತೆ ಸಂಖ್ಯೆ ಹುಟ್ಟಿಸಿ ಮೋಸ ಮಾಡಬಾರದು ಎಂಬುದು ಕಾರಣ. ಚುಕ್ಕೆ, ಗೀಟು ಇಲ್ಲದಿದ್ದರೆ ಇಮೇಲಿನಲ್ಲಿ ಸಾಲು ಅರ್ಧಕ್ಕೆ ಮುರಿಯುವುದಿಲ್ಲ; ಎರಡು ಸಲ ಕ್ಲಿಕ್ ಮಾಡಿದರೆ ಇಡೀ ಸಂಖ್ಯೆ ಒಂದೇ ಪದದಂತೆ ಆಯ್ಕೆಯಾಗುತ್ತದೆ. ಇದನ್ನೂ ಅಲ್ಲೇ ಬರೆದಿದ್ದಾರೆ. ಐಎಫ್‌ಎಸ್‌ಸಿ ಕೋಡಿನ ಐದನೆಯ ಜಾಗದಲ್ಲಿ ಯಾವಾಗಲೂ ಸೊನ್ನೆಯಿರುತ್ತದೆ, ಗ್ರಾಹಕರು ಅಲ್ಲಿ ‘ಓ’ ಅಕ್ಷರವನ್ನೇ ಬರೆದು ತರುತ್ತಾರೆ. ಅದನ್ನು ತಿದ್ದುತ್ತಾ ಸರ್ವಿಸು ಮುಗಿಸಿದ ನನಗೆ ಆ ನಾಲ್ಕು ಅಕ್ಷರ ಕಿತ್ತ ಕೈಯ ಮೇಲೆ ಗೌರವ ಬಂತು. ಸಾಲದ್ದಕ್ಕೆ ವಿಳಾಸದ ಬಾಲದಲ್ಲಿ ತಾಳೆ ನೋಡುವ ಒಂದು ತುಣುಕು ಸೇರಿಸಿದ್ದಾರೆ. ಉಳಿದ ಅಕ್ಷರಗಳಿಂದಲೇ ಲೆಕ್ಕ ಹಾಕಿ ಬಂದದ್ದು ಅದು. ಎಲ್ಲೋ ಒಂದು ಅಕ್ಷರ ತಪ್ಪಿದರೆ ಬಾಲ ತಾಳೆಯಾಗುವುದಿಲ್ಲ. ತಪ್ಪು ವಿಳಾಸವೊಂದು ಆಕಸ್ಮಿಕವಾಗಿ ಸರಿಯೆಂದು ನುಸುಳಿಹೋಗುವ ಸಾಧ್ಯತೆ ಸುಮಾರು 429 ಕೋಟಿಯಲ್ಲಿ ಒಂದು.

ಆದರೆ ಆ ‘ವಿ’, ‘ಎಸ್’ಗಳ ತೊಡಕು ಉಳಿದೇ ಇತ್ತು. ಅದನ್ನು 2017ರಲ್ಲಿ ಪೀಟರ್ ವುಲ್ಲೆ ಮತ್ತು ಗ್ರೆಗ್ ಮ್ಯಾಕ್ಸ್‌ವೆಲ್ ಕೈಗೆತ್ತಿಕೊಂಡರು. ಅವರು ರೂಪಿಸಿದ ಬೆಕ್32 ಎಂಬ ಬರಹಕ್ರಮದಲ್ಲಿ ದೊಡ್ಡ ಚಿಕ್ಕ ಅಕ್ಷರಗಳ ಬೆರಕೆಯೇ ಇಲ್ಲ. ಬಿ, ಸಿ, ಒಂದು ಎಂದು ಶುರುವಾಗುವ ಈ ವಿಳಾಸದಲ್ಲಿ ಮುಂದಕ್ಕೆ ಬರುವುದು 32 ಚಿಹ್ನೆಗಳು ಮಾತ್ರ; ಒಂದನ್ನೊಂದು ಹೋಲುವವನ್ನು ಆರಿಸಿ ಹೊರಗಿಟ್ಟಿದ್ದಾರೆ. ನಾಲ್ಕು ಅಕ್ಷರದವರೆಗೆ ತಪ್ಪಿ ಬರೆದರೆ ಅದು ಸಿಕ್ಕಿಬೀಳುವುದು ಖಚಿತ. ಇಲ್ಲಿ ಅದೃಷ್ಟದ ಮಾತಿಲ್ಲ, ಗಣಿತವೇ ಹಾಗೆ ಕಟ್ಟಿದೆ. ಸಾಮಾನ್ಯ ವಿಳಾಸದ ಉದ್ದ 34ರಿಂದ 42ಕ್ಕೆ ಏರಿತು. ಉದ್ದ ಹೆಚ್ಚಾದರೂ ಓದುವುದು ಹಗುರವಾಯಿತು ಎಂಬುದನ್ನು ಅವರು ಸರಿಯಾಗಿ ಗುರುತಿಸಿದ್ದರು. ಬರೆದುಕೊಳ್ಳಲು, ಮೊಬೈಲಿನ ಕೀಲಿಮಣೆಯಲ್ಲಿ ಒತ್ತಲು, ಗಟ್ಟಿಯಾಗಿ ಓದಿ ಹೇಳಲು ಅನುಕೂಲವಾಗಲಿ ಎಂದು ಆ ಪ್ರಸ್ತಾವದಲ್ಲೇ ಬರೆದಿದೆ. ಆಮೇಲೆ ಅದರಲ್ಲೂ ಒಂದು ದೋಷ ಕಂಡಿತು: ಕೊನೆಯ ಅಕ್ಷರ ‘ಪಿ’ ಆಗಿದ್ದರೆ ಅದರ ಹಿಂದೆ ‘ಕ್ಯೂ’ ಸೇರಿಸಿದರೂ ತೆಗೆದರೂ ತಾಳೆ ಕೆಡುತ್ತಿರಲಿಲ್ಲ. ಹೊಸ ಬಗೆಯ ವಿಳಾಸಗಳಿಗಾಗಿ ಅದನ್ನೂ ತಿದ್ದಿದರು. ಮತ್ತೊಂದು ಕ್ರಿಪ್ಟೊ ಜಾಲವಾದ ಇಥೀರಿಯಂನವರು ಈ ವಿಷಯದಲ್ಲಿ ಅಷ್ಟು ಎಚ್ಚರವಾಗಿರಲಿಲ್ಲ. 2015ರಲ್ಲಿ ಶುರುವಾದಾಗ ಅವರ 42 ಚಿಹ್ನೆಗಳ ವಿಳಾಸದಲ್ಲಿ ತಾಳೆ ನೋಡುವ ತುಣುಕೇ ಇರಲಿಲ್ಲ. ಮರುವರ್ಷ ಅದರ ಸ್ಥಾಪಕರಲ್ಲೊಬ್ಬರಾದ ವಿಟಾಲಿಕ್ ಬುಟೆರಿನ್ ಅಕ್ಷರಗಳನ್ನು ಅಲ್ಲಲ್ಲಿ ದೊಡ್ಡದು ಚಿಕ್ಕದು ಮಾಡಿ ಆ ವಿನ್ಯಾಸದಲ್ಲೇ ತಾಳೆಯನ್ನು ಅಡಗಿಸುವ ಉಪಾಯ ತಂದರು. ಯಂತ್ರಕ್ಕೆ ಅದು ಚೆನ್ನಾಗಿ ಒದಗುತ್ತದೆ. ಫೋನಿನಲ್ಲಿ ಓದಿ ಹೇಳುವವರಿಗೆ ಹಳೆಯ ಕಷ್ಟವೇ ಮರಳಿ ಬಂತು.

ಇಷ್ಟೆಲ್ಲ ಕಾಳಜಿ ಯಾಕೆಂದರೆ ಇಲ್ಲಿ ಕೈತಪ್ಪಿ ಹೋದದ್ದನ್ನು ವಾಪಸು ಕೇಳಲು ಯಾರೂ ಇಲ್ಲ. ಬ್ಯಾಂಕಿನಲ್ಲಿ ತಪ್ಪಾದರೆ ಮ್ಯಾನೇಜರ್ ಇದ್ದಾರೆ, ಅರ್ಜಿಯಿದೆ, ಓಂಬುಡ್ಸ್‌ಮನ್ ಇದ್ದಾರೆ. ಹಣ ಮರಳುವುದೋ ಇಲ್ಲವೋ, ಬಾಗಿಲು ತಟ್ಟಲು ಒಂದು ಕಟ್ಟಡವಾದರೂ ಇದೆ. ಹಾಗಿದ್ದೂ ನಮ್ಮಲ್ಲಿ ಬಹಳ ಕಾಲ ಎನ್‌ಇಎಫ್‌ಟಿ ಮಾಡುವಾಗ ಖಾತೆ ಸಂಖ್ಯೆಯನ್ನಷ್ಟೇ ಯಂತ್ರ ನೋಡುತ್ತಿತ್ತು; ಫಾರಂನಲ್ಲಿ ಹೆಸರು ಏನೇ ಬರೆದಿದ್ದರೂ ಹಣ ಸಂಖ್ಯೆಯ ಹಿಂದೆ ಹೋಗುತ್ತಿತ್ತು. ಅದಕ್ಕೇ ಸಂಖ್ಯೆಯನ್ನು ಎರಡೆರಡು ಸಲ ಬರೆಸುತ್ತಿದ್ದೆವು. ಕಳಿಸುವ ಮೊದಲು ಪಡೆಯುವವರ ಹೆಸರನ್ನು ತೋರಿಸುವ ಸೌಲಭ್ಯವನ್ನು ಆರ್‌ಟಿಜಿಎಸ್, ಎನ್‌ಇಎಫ್‌ಟಿಗಳಲ್ಲಿ ಕೊಡಲೇಬೇಕೆಂದು ರಿಸರ್ವ್ ಬ್ಯಾಂಕು ಬ್ಯಾಂಕುಗಳಿಗೆ ಕೊಟ್ಟ ಗಡುವು 2025ರ ಏಪ್ರಿಲ್ 1. ಅಷ್ಟರಲ್ಲಿ ಯುಪಿಐ ಬಂದು ಒಂಬತ್ತು ವರ್ಷವಾಗುತ್ತಾ ಬಂದಿತ್ತು.

ಯುಪಿಐ ಹೇಗೆ ಗೆದ್ದಿತು ಎಂದು ಕೇಳಿದರೆ, ಉದ್ದದ ಖಾತೆ ಸಂಖ್ಯೆಯ ಬದಲು ನೆನಪಿಡಲು ಸುಲಭವಾದ ಐಡಿ ಕೊಟ್ಟಿತು ಎಂದು ಹೇಳುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ನಮ್ಮ ಬೀದಿಯ ದಿನಸಿ ಅಂಗಡಿಯ ಯುಪಿಐ ಐಡಿ ನನಗೆ ಗೊತ್ತಿಲ್ಲ, ಅಂಗಡಿಯವರಿಗೂ ಗೊತ್ತಿರಲಿಕ್ಕಿಲ್ಲ. ಅಲ್ಲಿ ನಡೆಯುವ ಮಾತು ಬೇರೆ. ಕೋಡಿಗೆ ಫೋನು ಹಿಡಿದ ತಕ್ಷಣ ಆಕೆ ತಕ್ಕಡಿಯಿಂದ ತಲೆಯೆತ್ತದೆ ಕೇಳುತ್ತಾರೆ: “ಯಾರ ಹೆಸರು ಬಂತು ನೋಡಿ.” “ಮಂಜುಳಾ ಅಂತ ಬಂತಮ್ಮ.” “ಹ್ಞಾಂ, ನಮ್ದೇ, ಹಾಕಿ.” ಹಣ ಕೈ ಬಿಡುವ ಮೊದಲು, ಪಿನ್ ಒತ್ತುವ ಮೊದಲು, ಒಬ್ಬ ಮನುಷ್ಯರ ಹೆಸರು ಪರದೆಯ ಮೇಲೆ ಬರುತ್ತದೆ, ಇನ್ನೊಬ್ಬರು ಅದಕ್ಕೆ ಹೌದೆನ್ನುತ್ತಾರೆ. ಬಾಯಿಪಾಠದ ಅಗತ್ಯವೇ ಅಲ್ಲಿಲ್ಲ, ಗುರುತು ಹಿಡಿದರೆ ಸಾಕು. ಈ ಎರಡರ ನಡುವಿನ ಅಂತರವನ್ನು ಕ್ರಿಪ್ಟೊ ವಿಳಾಸಗಳನ್ನು ಸ್ನೇಹಮಯ ಮಾಡಹೊರಟವರು ಬಹುಮಟ್ಟಿಗೆ ಗಮನಿಸಲಿಲ್ಲ ಎಂಬುದು ನನ್ನ ಕೊರಗು. ಅವರು ನೆನಪಿಗಾಗಿ ಹೆಸರು ಮಾರಿದರು. ಜನಕ್ಕೆ ಬೇಕಿದ್ದದ್ದು ಗುರುತು.

ಆದರೆ ‘ಮಂಜುಳಾ’ ಎಂಬ ಹೆಸರು ಪರದೆಗೆ ಬರುವುದರ ಹಿಂದೆ ಒಂದು ಬ್ಯಾಂಕು ಆಕೆಯ ಆಧಾರ್, ಪಾನ್ ನೋಡಿ ಖಾತೆ ತೆರೆದ ಕತೆಯಿದೆ. ಯಾರೋ ಹೊಣೆ ಹೊತ್ತಿದ್ದಾರೆ. ಯಾರೂ ಯಜಮಾನರಲ್ಲದ ಲೆಕ್ಕದ ಪುಸ್ತಕದಲ್ಲಿ ಈ ಹೊಣೆ ಯಾರದು? ಈ ಪ್ರಶ್ನೆ ಬಿಟ್‌ಕಾಯಿನ್ನಿಗಿಂತ ಹಳೆಯದು. ಇಂಟರ್‌ನೆಟ್ಟಿನ ಮೂಲವಾದ ಅರ್ಪಾನೆಟ್ ಕಾಲದಲ್ಲಿ ಕಂಪ್ಯೂಟರುಗಳ ಹೆಸರು ಮತ್ತು ಸಂಖ್ಯೆಯ ಪಟ್ಟಿಯನ್ನು ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫೋರ್ಡ್ ರಿಸರ್ಚ್ ಇನ್‌ಸ್ಟಿಟ್ಯೂಟಿನಲ್ಲಿ ಎಲಿಜಬೆತ್ ಫೈನ್ಲರ್ ಅವರ ತಂಡ ಇಟ್ಟುಕೊಂಡಿತ್ತು. ಹೊಸ ಕಂಪ್ಯೂಟರು ಬಂದರೆ ಅವರಿಗೆ ತಿಳಿಸಬೇಕು, ಅವರು ಒಂದೇ ಕಡತದಲ್ಲಿ ಸೇರಿಸಬೇಕು, ಉಳಿದವರೆಲ್ಲ ಆ ಕಡತವನ್ನು ತರಿಸಿಕೊಳ್ಳಬೇಕು. ಜಾಲ ಬೆಳೆದು ಅದು ನಿಭಾಯಿಸಲಾಗದಷ್ಟಾದಾಗ 1983ರಲ್ಲಿ ಪಾಲ್ ಮೊಕಪೆಟ್ರಿಸ್ ಡಿಎನ್‌ಎಸ್ ರೂಪಿಸಿದರು. ನಾವಿಂದು ಜಾಲತಾಣದ ಹೆಸರು ಟೈಪ್ ಮಾಡಿದಾಗ ಅದನ್ನು ಸಂಖ್ಯೆಗೆ ತಿರುಗಿಸಿಕೊಡುವುದು ಅದೇ. ಅಲ್ಲಿಯೂ ಮೇಲೆ ಮೇಲೆ ಹೋದರೆ ಹೆಸರಿನ ಪಟ್ಟಿ ಕಾಯುವವರು ಇದ್ದೇ ಇದ್ದಾರೆ.

2001ರಲ್ಲಿ ಝೂಕೊ ವಿಲ್‌ಕಾಕ್ಸ್ ಇದನ್ನೊಂದು ತ್ರಿಕೋನದಲ್ಲಿ ಹೇಳಿದರು. ಹೆಸರು ಮನುಷ್ಯರಿಗೆ ಅರ್ಥವಾಗುವಂತಿರಬೇಕು, ಮೋಸಕ್ಕೆ ಎಡೆಯಿಲ್ಲದಂತಿರಬೇಕು, ಯಾವುದೇ ಒಂದು ಕಚೇರಿಯ ಅಧೀನದಲ್ಲಿರಬಾರದು. ಮೂರರಲ್ಲಿ ಎರಡು ಸಿಕ್ಕೀತು, ಮೂರೂ ಒಟ್ಟಿಗೆ ಸಿಗುವುದಿಲ್ಲ. ಸಂಖ್ಯೆಯ ವಿಳಾಸಕ್ಕೆ ಕೊನೆಯ ಎರಡು ಗುಣವಿದೆ, ಮೊದಲನೆಯದಿಲ್ಲ. ಬ್ಯಾಂಕಿನ ಹೆಸರಿಗೆ ಮೊದಲೆರಡಿದೆ, ಮೂರನೆಯದಿಲ್ಲ. 2011ರ ಜನವರಿಯಲ್ಲಿ ಏರನ್ ಸ್ವಾರ್ಟ್ಜ್ ಎಂಬ ತರುಣ, ಬಿಟ್‌ಕಾಯಿನ್ನಿನಂಥ ಸಾರ್ವಜನಿಕ ಲೆಕ್ಕದ ಪುಸ್ತಕದಲ್ಲೇ ಹೆಸರನ್ನೂ ಬರೆದರೆ ಮೂರೂ ಸಿಕ್ಕೀತು ಎಂದು ವಾದಿಸಿದ. ಮೊದಲು ಬರೆದವರಿಗೆ ಹೆಸರು, ಅಷ್ಟೇ ನಿಯಮ. ಅದೇ ವರ್ಷ ಅಂಥದೊಂದು ಹೆಸರಿನ ಪುಸ್ತಕ, ನೇಮ್‌ಕಾಯಿನ್, ಬಂತು. ನಾಲ್ಕು ವರ್ಷದ ನಂತರ ಅರವಿಂದ್ ನಾರಾಯಣನ್ ಮತ್ತಿತರ ಸಂಶೋಧಕರು ಅಲ್ಲಿ ಏನಾಗಿದೆಯೆಂದು ಎಣಿಸಿ ನೋಡಿದರು. ನೋಂದಾಯಿತ ಹೆಸರು ಸುಮಾರು 1,20,000. ಯಾರೋ ಸುಮ್ಮನೆ ಹಿಡಿದಿಟ್ಟುಕೊಳ್ಳದೆ, ಒಳಗೆ ಹುರುಳಿರುವ ಏನನ್ನಾದರೂ ಇಟ್ಟಿದ್ದವು 28.

ಇಪ್ಪತ್ತೆಂಟು! ಮೊದಲು ಬಂದವರಿಗೆ ಹೆಸರು ಎಂಬ ನಿಯಮದ ಫಲ ಇದು. ನಂತರ ಬಂದ ಇಥೀರಿಯಂ ನೇಮ್ ಸರ್ವಿಸ್, ಇಎನ್‌ಎಸ್ ಎನ್ನುತ್ತಾರೆ, 2017ರ ಮೇ 4ರಂದು ಶುರುವಾಗಿ ಇದರಿಂದ ಪಾಠ ಕಲಿತಿತು. ಹೆಸರಿಗೆ ವರ್ಷದ ಬಾಡಿಗೆಯಿಟ್ಟಿತು: ಐದು ಅಕ್ಷರ ಮತ್ತು ಮೇಲ್ಪಟ್ಟದ್ದಕ್ಕೆ 5 ಡಾಲರ್, ನಾಲ್ಕಕ್ಕೆ 160, ಮೂರಕ್ಕೆ 640. ಹೆಸರಿನ ಮುಂದೆ ಚುಕ್ಕೆಯಿಟ್ಟು ‘ಇಟಿಎಚ್’ ಎಂದು ಬರೆದರೆ ಕ್ರಿಪ್ಟೊ ಇಟ್ಟುಕೊಳ್ಳುವ ವಾಲೆಟ್ ಆ್ಯಪ್ ತಾನೇ ಆ 42 ಚಿಹ್ನೆಗಳನ್ನು ಹುಡುಕಿಕೊಳ್ಳುತ್ತದೆ. ಇದುವರೆಗಿನ ಪ್ರಯತ್ನಗಳಲ್ಲಿ ಹೆಚ್ಚು ಜನರನ್ನು ತಲುಪಿದ್ದು ಇದೇ, ಕೆಲಸವೂ ಅಚ್ಚುಕಟ್ಟಾಗಿದೆ. ಆದರೆ ಬಾಡಿಗೆ ಕಟ್ಟುವುದನ್ನು ಮರೆತರೆ 90 ದಿನದ ರಿಯಾಯಿತಿಯ ನಂತರ ಆ ಹೆಸರು ಹೊರಗೆ ಬೀಳುತ್ತದೆ, ಬೇರೆಯವರು ಹಿಡಿಯಬಹುದು. ಆಗ ಹಳೆಯ ನಂಬಿಕೆಯಲ್ಲಿ ಅದೇ ಹೆಸರಿಗೆ ಕಳಿಸಿದ ಹಣ ಹೊಸಬರ ವಿಳಾಸಕ್ಕೆ ಹೋಗುತ್ತದೆ. ತೀರಿಹೋದ ತಂದೆಯ ಹೆಸರಿನ ಬಾಡಿಗೆಯನ್ನು ಮಕ್ಕಳು ಕಟ್ಟುವರೇ? ಹೆಸರು ಆರಿಸಿಕೊಳ್ಳುವಾಗ ಈ ಪ್ರಶ್ನೆಯನ್ನು ಯಾರೂ ಕೇಳಿಕೊಳ್ಳುವುದಿಲ್ಲ.

ಇನ್ನೂ ದೊಡ್ಡ ಸಂಗತಿ ಗುಟ್ಟಿನದು. ತಂಗಿಯ ಮಗ, ಹಣ ಖರ್ಚು ಮಾಡಲು ಬೇಕಾದ ಗುಟ್ಟಿನ ಕೀಲಿಯಿಲ್ಲದೆಯೇ, ತನ್ನ ಹಳೆಯ ವಿಳಾಸದ ಬಾಕಿ ನೋಡಿದ. ಅವನಿಗೆ ಸಾಧ್ಯವಾದದ್ದು ಎಲ್ಲರಿಗೂ ಸಾಧ್ಯ. ವಿಳಾಸ ಬರಿಯ ಅಕ್ಷರಮಾಲೆಯಾಗಿರುವವರೆಗೆ ಅದು ಯಾರದೆಂದು ತಿಳಿಯದು. ಅದಕ್ಕೊಂದು ಶಾಶ್ವತ ಹೆಸರು ಅಂಟಿಸಿ ಎಲ್ಲರಿಗೂ ಹಂಚಿದಿರೋ, ನಿಮ್ಮ ಪಾಸ್‌ಬುಕ್ಕನ್ನು ಊರ ಚಾವಡಿಯಲ್ಲಿ ತೂಗುಹಾಕಿದಂತೆ. ಕಾಫಿಪುಡಿ ಕೊಂಡ ಅಂಗಡಿಯವನಿಗೂ ನಿಮ್ಮ ಸಂಬಳ, ಸಾಲ, ಯಾರಿಗೆ ಎಷ್ಟು ಕೊಟ್ಟಿರಿ ಎಲ್ಲವೂ ಗೊತ್ತಾಗುತ್ತದೆ. 2008ರ ಮೂಲ ಪ್ರಬಂಧದಲ್ಲಿ ಸತೋಷಿ ಪ್ರತಿ ವ್ಯವಹಾರಕ್ಕೂ ಹೊಸ ಕೀಲಿಜೋಡಿ, ಎಂದರೆ ಹೊಸ ವಿಳಾಸ, ಬಳಸಿ ಎಂದು ಸಲಹೆ ಕೊಟ್ಟದ್ದು ಇದಕ್ಕೇ. ಅಂದರೆ ವಿಳಾಸವನ್ನು ನೆನಪಿಡಬೇಕು ಎಂಬ ಉದ್ದೇಶವೇ ಮೊದಲಿಂದ ಇರಲಿಲ್ಲ; ಒಮ್ಮೆ ಬಳಸಿ ಬಿಡಬೇಕಾದ ಚೀಟಿ ಅದು. ಹಾಗಾಗಿ ಹೆಸರು ಒಂದೇ ಇದ್ದು, ಅದರ ಹಿಂದಿನ ವಿಳಾಸ ಪ್ರತಿ ಸಲ ಹೊಸದಾಗಿ ಹುಟ್ಟುವ ದಾರಿಗಳ ಮೇಲೆ ನನಗೆ ಭರವಸೆ ಹೆಚ್ಚು. 2021ರಲ್ಲಿ ಬಂದ ಲೈಟ್ನಿಂಗ್ ಅಡ್ರೆಸ್ ಇಮೇಲಿನ ರೂಪದಲ್ಲಿದೆ, ಕೇಳಿದಾಗಲೆಲ್ಲ ಹೊಸ ಬಿಲ್ಲು ಕೊಡುತ್ತದೆ. 2024ರ ಬಿಪ್ 353 ಎಂಬ ಪ್ರಸ್ತಾವ ಅಂಥದೇ ಹೆಸರನ್ನು ಡಿಎನ್‌ಎಸ್‌ನಲ್ಲಿ ಸಹಿ ಸಮೇತ ಇಡುತ್ತದೆ. ಅಲ್ಲೂ ನಿಮ್ಮ ಹೆಸರಿಗೆ ಯಾವುದೋ ಡೊಮೈನಿನ ಯಜಮಾನರೇ ಜಾಮೀನು, ನಿಜ. ಯುಪಿಐ ಬಳಸುವ ನಾವು ಅಷ್ಟರಮಟ್ಟಿಗೆ ಒಪ್ಪಿಕೊಂಡವರೇ.

ಹೆಸರಿನ ಗೊಡವೆಯೇ ಬೇಡ, ವಿಳಾಸವನ್ನು ಚಿಕ್ಕದಾಗಿ ತೋರಿಸಿದರೆ ಸಾಕು ಎಂದವರೂ ಇದ್ದಾರೆ. ವಾಲೆಟ್ ಆ್ಯಪ್‌ಗಳು ಮೊದಲ ಕೆಲವು, ಕೊನೆಯ ಕೆಲವು ಅಕ್ಷರ ತೋರಿಸಿ ನಡುವೆ ಮೂರು ಚುಕ್ಕೆ ಹಾಕುತ್ತವೆ. ಕಣ್ಣಿಗೆ ಹಿತ. ಆ ಹಿತವೇ ಮುಳುವಾಯಿತು. ಕಳ್ಳರು ಕಂಪ್ಯೂಟರಿಗೆ ಕೆಲಸ ಹಚ್ಚಿ ಲಕ್ಷ ಕೋಟಿ ವಿಳಾಸ ಹುಟ್ಟಿಸಿ, ಅದರಲ್ಲಿ ತಲೆ ಬಾಲ ಎರಡೂ ನಿಮ್ಮ ಪರಿಚಯದ ವಿಳಾಸಕ್ಕೆ ಹೊಂದುವುದನ್ನು ಆರಿಸಿಕೊಳ್ಳುತ್ತಾರೆ. ಅಲ್ಲಿಂದ ನಿಮಗೊಂದು ಪುಡಿ ವ್ಯವಹಾರ ಕಳಿಸಿ ನಿಮ್ಮ ಹಿಂದಿನ ಲೆಕ್ಕದ ಪಟ್ಟಿಯಲ್ಲಿ ಬಂದು ಕೂರುತ್ತಾರೆ. 2024ರ ಮೇ ತಿಂಗಳಲ್ಲಿ ಒಬ್ಬರು ಹೀಗೆ 1,155 ಬಿಟ್‌ಕಾಯಿನ್ನಿಗೆ ಸಮನಾದ ಟೋಕನ್ ಕಳೆದುಕೊಂಡರು; ಆಗಿನ ಬೆಲೆಯಲ್ಲಿ ಸುಮಾರು 6.8 ಕೋಟಿ ಡಾಲರ್. ಅವರು ಅಜಾಗರೂಕರಾಗಿರಲಿಲ್ಲ ಎಂಬುದು ನನ್ನನ್ನು ಕಾಡುತ್ತದೆ. ಮೊದಲು ಚಿಕ್ಕ ಮೊತ್ತ ಕಳಿಸಿ ಪರೀಕ್ಷಿಸಿದ್ದರು, ಅದು ಸರಿಯಾದ ಜಾಗಕ್ಕೇ ಹೋಗಿತ್ತು. ಬೆನ್ನಿಗೇ ಕಳ್ಳನ ಹೋಲಿಕೆಯ ವಿಳಾಸ ಪಟ್ಟಿಗೆ ನುಸುಳಿತು, ದೊಡ್ಡ ಮೊತ್ತ ಅದಕ್ಕೆ ಹೋಯಿತು. ಕೆಲವು ದಿನದ ಮಾತುಕತೆಯ ನಂತರ ಕಳ್ಳ ಬಹುಪಾಲು ಹಣ ಮರಳಿಸಿದ್ದು ಅವರ ಪುಣ್ಯ. ಎಲ್ಲರಿಗೂ ಆ ಪುಣ್ಯ ಇರುವುದಿಲ್ಲ.

ಹೋಲಿಕೆಯ ಕಾಟ ನಮ್ಮ ಲಿಪಿಗೂ ತಪ್ಪಿದ್ದಲ್ಲ. ಇಎನ್‌ಎಸ್‌ನಂಥ ಕಡೆ ಬೇರೆ ಬೇರೆ ಲಿಪಿಗಳಲ್ಲಿ ಹೆಸರಿಡಬಹುದು ಎಂದು ತಿಳಿದಾಗ, ಕನ್ನಡದಲ್ಲೇ ಇಡಬಹುದಲ್ಲ ಎಂದು ಹಿಗ್ಗಿದೆ. ಆಮೇಲೆ ಕೂತು ಯೋಚಿಸಿದೆ. ಕನ್ನಡ, ತೆಲುಗು ಲಿಪಿಗಳು ಒಂದೇ ಬೇರಿನವು. ಗ, ನ, ರ, ಲ, ಯಗಳಂಥ ಅಕ್ಷರಗಳು ಎರಡರಲ್ಲೂ ಕಣ್ಣಿಗೆ ಬಹುತೇಕ ಒಂದೇ. ಕಂಪ್ಯೂಟರಿಗೆ ಮಾತ್ರ ಯೂನಿಕೋಡಿನಲ್ಲಿ ಅವು ಬೇರೆ ಬೇರೆ ಮನೆಯವು. ನಗರ ಎಂದು ಕನ್ನಡದಲ್ಲಿ ಒಬ್ಬರು, ತೆಲುಗಿನಲ್ಲಿ ಇನ್ನೊಬ್ಬರು ಹೆಸರು ಹಿಡಿದರೆ ನನ್ನ ಕನ್ನಡಕಕ್ಕೆ ಎರಡೂ ಒಂದೇ. ನಮ್ಮ ಸೊನ್ನೆಯ ಅಂಕಿಗೂ ಅನುಸ್ವಾರಕ್ಕೂ ಇರುವ ಹೋಲಿಕೆಯನ್ನಂತೂ ಹೇಳುವುದೇ ಬೇಡ. ಅಂತರಜಾಲದ ಮೇಲ್ಮಟ್ಟದ ಡೊಮೈನುಗಳಿಗಾಗಿ ನವಬ್ರಾಹ್ಮೀ ಲಿಪಿಗಳ ತಜ್ಞರ ತಂಡವೊಂದು, ಆ ಹೆಸರುಗಳನ್ನು ನೋಡಿಕೊಳ್ಳುವ ಐಕ್ಯಾನ್ ಸಂಸ್ಥೆಯ ಆಶ್ರಯದಲ್ಲಿ ಕೂತು, ಕನ್ನಡ, ತೆಲುಗು ಸೇರಿ ಒಂಬತ್ತು ಲಿಪಿಗಳ ಇಂಥ ಜೋಡಿಗಳನ್ನು ಪಟ್ಟಿ ಮಾಡಿತು. ಒಂದು ಲಿಪಿಯಲ್ಲಿ ಹೆಸರು ಕೊಟ್ಟರೆ ಅದರ ತದ್ರೂಪಿ ಮತ್ತೊಂದರಲ್ಲಿ ಬೇರೆಯವರಿಗೆ ಸಿಗದಂತೆ ತಡೆಯುವುದು ಅದರ ಉದ್ದೇಶ. ಹಣದ ಹೆಸರುಗಳಿಗೆ ಈ ಕಾವಲು ಇನ್ನೂ ಬಿಗಿಯಾಗಿರಬೇಕು.

ಹಾಗಾದರೆ ಜನಸಾಮಾನ್ಯರಿಗೆ ಒದಗುವ ಹೆಸರು ಯಾವುದು? ನನ್ನ ಫೋನಿನಲ್ಲಿ ‘ಹಾಲಿನ ಶಿವಣ್ಣ’, ‘ನಲ್ಲಿ ಸೀನ’, ‘ಚಿಕ್ಕಮ್ಮ ಹಾಸನ’, ‘ಚಿಕ್ಕಮ್ಮ ಶಿವಮೊಗ್ಗ’ ಇದ್ದಾರೆ. ಜಗತ್ತಿನಲ್ಲಿ ಶಿವಣ್ಣ ಎಷ್ಟು ಜನ ಇದ್ದಾರೋ, ನನ್ನ ಪುಸ್ತಕದಲ್ಲಿ ಹಾಲಿನ ಶಿವಣ್ಣ ಒಬ್ಬನೇ. ಆ ಹೆಸರನ್ನು ಯಾರೂ ನನಗಿಂತ ಮೊದಲು ಹಿಡಿಯಲಾರರು, ಬಾಡಿಗೆ ಕೇಳಲಾರರು, ಕದಿಯಲಾರರು. ಅದು ನನ್ನ ಫೋನಿನಿಂದ ಆಚೆಗೆ ಹೋಗುವುದೇ ಇಲ್ಲ, ಆದ್ದರಿಂದ ಶಿವಣ್ಣನ ಗುಟ್ಟೂ ಬಯಲಾಗುವುದಿಲ್ಲ. ಇಂಥ ಖಾಸಗಿ ಹೆಸರುಗಳ ಬಗ್ಗೆ ಮಾರ್ಕ್ ಸ್ಟೀಗ್ಲರ್ 2005ರಲ್ಲೇ ವಿವರವಾಗಿ ಬರೆದಿದ್ದಾರೆ. ಝೂಕೊ ತ್ರಿಕೋನದ ಮೂರೂ ಮೂಲೆಗಳನ್ನು ಇದು ಸದ್ದಿಲ್ಲದೆ ಮುಟ್ಟುತ್ತದೆ. ಕೊಡಬೇಕಾದ ಬೆಲೆಯೆಂದರೆ ಪ್ರತಿಯೊಬ್ಬರೂ ತಮ್ಮ ಪುಸ್ತಕವನ್ನು ತಾವೇ ಬರೆದುಕೊಳ್ಳಬೇಕು. ಬಹಳಷ್ಟು ವಾಲೆಟ್‌ಗಳಲ್ಲಿ ಈ ಪುಸ್ತಕ ಈಗಲೂ ಇದೆ, ಯಾವುದೋ ಮೂಲೆಯ ಮೆನುವಿನಲ್ಲಿ. ಅದು ಬಾಗಿಲಲ್ಲೇ ಸಿಗಬೇಕು. ಪುಸ್ತಕದಲ್ಲಿರುವವರಿಗೆ ಕಳಿಸುವಾಗ ದೊಡ್ಡ ಕನ್ನಡ ಅಕ್ಷರದಲ್ಲಿ ‘ಚಿಕ್ಕಮ್ಮ ಹಾಸನ’ ಎಂದು ಬರಬೇಕು. ಪುಸ್ತಕದಲ್ಲಿಲ್ಲದ ವಿಳಾಸವಾದರೆ, ತಲೆ ಬಾಲ ಎಷ್ಟೇ ಹೋಲಲಿ, ‘ಇವರು ಹೊಸಬರು’ ಎಂದು ಪರದೆ ತಡೆದು ನಿಲ್ಲಿಸಬೇಕು. ಮೇ ತಿಂಗಳ ಆ ವ್ಯವಹಾರವನ್ನು ಇಷ್ಟೇ ಒಂದು ತಡೆ ನಿಲ್ಲಿಸಬಹುದಿತ್ತು.

ಉಳಿಯುವುದು ಮೊದಲ ಸಲದ ಪರಿಚಯ. ಚಿಕ್ಕಮ್ಮನ ವಿಳಾಸ ವಾಟ್ಸ್‌ಆ್ಯಪಿನಲ್ಲಿ ಬಂತು. ಅದು ಅವರದ್ದೇ ಎಂದು ಫೋನಿನಲ್ಲಿ ಕೇಳಿ ಖಚಿತ ಮಾಡಿಕೊಳ್ಳುವುದು ಹೇಗೆ? ಮತ್ತೆ ‘ದೊಡ್ಡ ಎ, ಚಿಕ್ಕ ಝಡ್’ಗೆ ಇಳಿಯಬೇಕೆ? ಇದಕ್ಕೆ ಬೇಕಾದ ಸಾಮಗ್ರಿ ಕ್ರಿಪ್ಟೊ ಲೋಕದಲ್ಲೇ ಇದೆ. 2013ರಿಂದ ವಾಲೆಟ್‌ಗಳು ತಮ್ಮ ಮೂಲ ಕೀಲಿಯನ್ನು 12 ಅಥವಾ 24 ಪದಗಳಾಗಿ ಬರೆಸುತ್ತವೆ. 2,048 ಸಾಮಾನ್ಯ ಪದಗಳ ಪಟ್ಟಿ ಅದು. ಇಂಗ್ಲಿಷ್ ಪಟ್ಟಿಯಲ್ಲಿ ಮೊದಲ ನಾಲ್ಕು ಅಕ್ಷರ ಬರೆದರೆ ಸಾಕು ಪದ ಯಾವುದೆಂದು ಗೊತ್ತಾಗುವಂತೆ ಆರಿಸಿದ್ದಾರೆ. ಪ್ರಾಗ್ ನಗರದ ಕೆಲವು ಎಂಜಿನಿಯರುಗಳು ಮುಂದಾಗಿ ಮಾಡಿದ ಕೆಲಸ. ಆ ಪದಗಳು ಕೀಲಿ, ಯಾರಿಗೂ ಹೇಳಬಾರದು. ಅದೇ ಉಪಾಯವನ್ನು ವಿಳಾಸಕ್ಕೆ ಬಳಸಿ, ವಿಳಾಸದಿಂದಲೇ ಲೆಕ್ಕ ಹಾಕಿ ಬಂದ ಕೆಲವು ಪದಗಳನ್ನು ಎರಡೂ ಫೋನುಗಳು ತೋರಿಸಿದರೆ, ಅವನ್ನು ಬಾಯಲ್ಲಿ ಹೇಳಿ ತಾಳೆ ನೋಡಬಹುದು. “ಚಿಕ್ಕಮ್ಮ, ನಿಮ್ಮಲ್ಲಿ ಏನು ಬರ್ತಿದೆ?” “ನವಿಲು, ಒನಕೆ, ಬೆಲ್ಲ, ಗುಬ್ಬಿ...” “ಸರಿ, ಇಲ್ಲೂ ಅದೇ.” ಮೂರು ಪದ ಸಾಲದು, 2,048ರ ಪಟ್ಟಿಯಲ್ಲಿ ಮೂರು ಪದಕ್ಕೆ ಸುಮಾರು 859 ಕೋಟಿ ಜೋಡಣೆಗಳಷ್ಟೇ, ಇವತ್ತಿನ ಕಂಪ್ಯೂಟರಿಗೆ ಅದೇನೂ ದೊಡ್ಡದಲ್ಲ, ಕಳ್ಳ ಹೊಂದುವ ವಿಳಾಸವನ್ನು ಹುಟ್ಟಿಸಿಬಿಡುತ್ತಾನೆ. ಆರು ಪದವಾದರೆ ಅವನಿಗೆ ಬಹಳ ಕಷ್ಟ, ಹೇಳುವವರಿಗೆ ಅರ್ಧ ನಿಮಿಷ. ತಾಳೆಯಾದ ಮೇಲೆ ‘ಚಿಕ್ಕಮ್ಮ ಹಾಸನ’ ಎಂದು ಪುಸ್ತಕಕ್ಕೆ ಸೇರಿಸಿದರೆ ಮತ್ತೆ ಆ ಪದಗಳ ಹಂಗೂ ಇಲ್ಲ.

ಆ ಕೀಲಿಪದಗಳ ಅಧಿಕೃತ ಪಟ್ಟಿಗಳು ಇಂಗ್ಲಿಷ್, ಜಪಾನಿ, ಕೊರಿಯನ್, ಸ್ಪ್ಯಾನಿಷ್, ಚೀನಿ, ಫ್ರೆಂಚ್, ಇಟಾಲಿಯನ್, ಝೆಕ್, ಪೋರ್ಚುಗೀಸ್ ಭಾಷೆಗಳಲ್ಲಿವೆ. ಭಾರತದ ಒಂದು ಭಾಷೆಯೂ ಇಲ್ಲ. ಕನ್ನಡಕ್ಕೊಂದು ಪಟ್ಟಿ ಮಾಡಬೇಕೆಂದರೆ ನಿಘಂಟಿನಿಂದ 2,048 ಪದ ಎತ್ತಿ ಇಟ್ಟರೆ ಆಗುವುದಿಲ್ಲ. ಕಿವಿಗೆ ಕೇಳಿಸಿದಾಗ ಒಂದು ಪದ ಇನ್ನೊಂದಾಗಬಾರದು, ಬೀದರಿನವರ ಬಾಯಲ್ಲೂ ಕೊಳ್ಳೇಗಾಲದವರ ಬಾಯಲ್ಲೂ. ಮಹಾಪ್ರಾಣ ಫೋನಿನಲ್ಲಿ ಕೇಳುವುದೇ ಇಲ್ಲ, ಹಾಗಾಗಿ ‘ಕರ’ ಇದ್ದರೆ ‘ಖರ’ ಇರಬಾರದು. ‘ಹಾಲು’ ಇದ್ದರೆ ‘ಹಾಳು’ ಬೇಡ. ಎರಡನ್ನೂ ಒಂದೇ ಮಾಡುವ ಬಾಯಿಗಳಿವೆ. ಶ, ಷ, ಸಗಳಲ್ಲಿ ಒಂದೇ ಸಾಕು. ಅಶುಭದ ಪದ ಬಂದರೆ ಹಿರಿಯರು ಫೋನು ಕೆಳಗಿಡುತ್ತಾರೆ, ಅದನ್ನೂ ನೋಡಬೇಕು.

ಈ ಪಟ್ಟಿಯನ್ನು ನಾನು ಒಂದು ನೋಟ್‌ಬುಕ್ಕಿನಲ್ಲಿ ಶುರು ಮಾಡಿದ್ದೇನೆ, ಪ್ರೋಗ್ರಾಮು ಬರೆಯುವವರು ಯಾರಾದರೂ ಮುಂದೆ ಕೈಗೆತ್ತಿಕೊಳ್ಳಲಿ ಎಂದು. ನನ್ನ ಹೆಂಡತಿ ಮಂಡ್ಯದ ಕಡೆಯವರು. ಸಂಜೆ ಒಂದೊಂದೇ ಪುಟವನ್ನು ಅವರಿಗೆ ಗಟ್ಟಿಯಾಗಿ ಓದುತ್ತೇನೆ, ಅವರು ತಮ್ಮೂರಿನಲ್ಲಿ ಆಡುವ ಹಾಗೆ ತಿರುಗಿಸಿ ಹೇಳುತ್ತಾರೆ. ಮೊನ್ನೆ ‘ಹಾಡು’ ಎಂದೆ. ಅವರು ‘ಆಡು’ ಎಂದರು. ಎರಡೂ ಪಟ್ಟಿಯಲ್ಲಿದ್ದವು. ಯಾವುದನ್ನು ಹೊಡೆದುಹಾಕುವುದು ಎಂದು ಒಂದಷ್ಟು ಹೊತ್ತು ಚರ್ಚೆ ನಡೆಯಿತು. ನನಗೆ ಹಾಡು ಉಳಿಯಲಿ ಎಂದಿತ್ತು. “ನೀವು ಹಾಡು ಇಟ್ಕೊಂಡ್ರೂ ನಮ್ಮೂರೋರು ಆಡು ಅಂತಾನೇ ಹೇಳೋದು, ಆಡೇ ಇರ್ಲಿ,” ಎಂದು ಅವರು ತೀರ್ಮಾನ ಕೊಟ್ಟರು. ಹಾಡು ಹೋಯಿತು, ಆಡು ಉಳಿಯಿತು. ‘ಹಾರು’ ಮತ್ತು ‘ಆರು’ ನಾಳೆಗೆ ಬಾಕಿ ಇವೆ.